ಮಿನಿ ಟ್ರ್ಯಾಕ್ಟರ್‌ಗೆ ವರ್ಕ್ ಲೈಟ್: ಪ್ಲೌ ಲ್ಯಾಂಪ್ ವೈರೋ, ಬ್ಯಾಟರಿಯಿಂದ ನೇರವೋ, ರಿಲೇಯೋ?

ಸಂಜೆ ಮೇಲೆ ದ್ರಾಕ್ಷಿ, ದಾಳಿಂಬೆ ತೋಟಕ್ಕೆ ಔಷಧಿ ಹೊಡೆಯುವವರಿಗೂ ಬಿಸಿಲು ತಪ್ಪಿಸಿ ರಾತ್ರಿ ರೋಟವೇಟರ್ ಹೊಡೆಯುವವರಿಗೂ ಕಂಪನಿ ಹಿಂದೆ ಕೊಟ್ಟ ಒಂದೇ ಕೆಲಸದ ದೀಪ, ಅಂದರೆ ಪ್ಲೌ ಲ್ಯಾಂಪ್, ಸಾಲುವುದಿಲ್ಲ. ಹಿಂದೆ ಎರಡು ಲೈಟು ಹಾಕಿಸಲೇಬೇಕು. ಯಾವ ಲೈಟು ಒಳ್ಳೆಯದು ಅಂತ ಎಲ್ಲರೂ ನಾಲ್ಕು ಕಡೆ ವಿಚಾರಿಸುತ್ತಾರೆ. ಅದಕ್ಕೆ ಕರೆಂಟು ಎಲ್ಲಿಂದ ಎಳೆಯಬೇಕು ಅನ್ನುವುದನ್ನು ಮಾತ್ರ ಲೈಟು ಕೂರಿಸುವವರಿಗೇ ಬಿಟ್ಟುಬಿಡುತ್ತಾರೆ. ಲೈಟು ಮಿಣುಕುವುದು, ಫ್ಯೂಸ್ ಹಾರುವುದು, ಬೆಳಗ್ಗೆ ಸೆಲ್ಫ್ ಎತ್ತದಿರುವುದು, ಇವುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಅಲ್ಲಿ. 24ರಿಂದ 28 ಎಚ್‌ಪಿ ಒಳಗಿನ 12 ವೋಲ್ಟ್ ಟ್ರ್ಯಾಕ್ಟರ್‌ಗಳಲ್ಲಿ ಮೂರೂ ದಾರಿಗಳನ್ನು ಹಾಕಿ ನೋಡಿದ ಮೇಲೆ ಹೇಳುವ ಮಾತುಗಳಿವು.

ಮೊದಲು ಲೈಟು ಎಷ್ಟು ಕರೆಂಟು ತಿನ್ನುತ್ತದೆ ಅನ್ನುವುದು ಗೊತ್ತಿರಬೇಕು. 55 ವ್ಯಾಟಿನ ಒಂದು ಹ್ಯಾಲೊಜನ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ, ಜೋಡಿಗೆ 9 ದಾಟುತ್ತದೆ. ಆರು ಕಣ್ಣಿನ 18 ವ್ಯಾಟ್ ಎಲ್‌ಇಡಿ ಒಂದೂವರೆ ಆಂಪಿಯರ್, ಜೋಡಿಗೆ 3. ಡಬ್ಬಿಯ ಮೇಲೆ 48 ವ್ಯಾಟ್ ಅಂತ ಬರೆದ ಅಗ್ಗದ ಎಲ್‌ಇಡಿ ನಿಜವಾಗಿ 4 ಆಂಪಿಯರ್ ಎಳೆಯಬೇಕು. ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿಗೆ ಇಟ್ಟು ಸೀರೀಸ್‌ನಲ್ಲಿ, ಅಂದರೆ ಲೈಟಿನ ವೈರಿನ ನಡುವೆ ಸೇರಿಸಿ ಹಿಡಿದರೆ ಎಷ್ಟೋ ಸಲ ಅದರ ಅರ್ಧವೂ ಬರುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಒಂದು ಬ್ಯಾಟರಿಗೆ ಹಚ್ಚಿ ಅಳೆದುಬಿಡಿ. ವೈರು, ಫ್ಯೂಸು ಲೆಕ್ಕವೆಲ್ಲ ಈ ಅಳತೆಯ ಮೇಲೆಯೇ ನಿಲ್ಲುತ್ತದೆ.

ಪ್ಲೌ ಲ್ಯಾಂಪ್ ವೈರಿಗೆ ಸೇರಿಸುವುದು

ಅತಿ ಸುಲಭದ ದಾರಿ ಇದು. ವೈರು ಆಗಲೇ ಹಿಂದಿನವರೆಗೆ ಬಂದಿದೆ, ಸಾಮಾನ್ಯವಾಗಿ ಕೀ ಆಫ್ ಮಾಡಿದರೆ ಲೈಟೂ ಆಫ್, ಕಂಪನಿ ಫ್ಯೂಸೂ ಇದೆ. ಆದರೆ ಆ ವೈರು ಒಂದು ಬಲ್ಬಿಗೆ ಲೆಕ್ಕ ಹಾಕಿ ಎಳೆದದ್ದು. ಸಾಮಾನ್ಯವಾಗಿ 0.75 ಅಥವಾ 1 ಸ್ಕ್ವೇರ್ ಎಂಎಂ ಇರುತ್ತದೆ. 1 ಎಂಎಂ ತಾಮ್ರದ ವೈರಿಗೆ ಮೀಟರಿಗೆ ಸುಮಾರು 18 ಮಿಲಿಓಮ್ ರೆಸಿಸ್ಟೆನ್ಸ್. ಬ್ಯಾಟರಿಯಿಂದ ಕೀ, ಸ್ವಿಚ್, ಫ್ಯೂಸ್ ಬಾಕ್ಸ್ ಸುತ್ತಿ ಹಿಂದೆ ಬರುವ ಹೊತ್ತಿಗೆ 5 ಮೀಟರ್ ಆಗುತ್ತದೆ. ಎರಡು ಹ್ಯಾಲೊಜನ್‌ನ 9 ಆಂಪಿಯರ್ ಅದರಲ್ಲಿ ಹರಿದರೆ ವೈರಿನಲ್ಲೇ 0.8 ವೋಲ್ಟ್ ಹೋಯಿತು. ಹಳೆಯ ಸ್ವಿಚ್ಚಿನ ಕಾಂಟ್ಯಾಕ್ಟು, ಕಪ್ಲರುಗಳಲ್ಲಿ ಇನ್ನೂ ಅರ್ಧ ವೋಲ್ಟ್ ಕಳೆಯಿರಿ. ಆಲ್ಟರ್ನೇಟರ್ 13.8 ಕೊಟ್ಟರೂ ಬಲ್ಬಿಗೆ ಸಿಗುವುದು 12.5.

ಒಂದು ಚಿಲ್ಲರೆ ವೋಲ್ಟು ತಾನೇ ಅನ್ನಬಹುದು. ಹ್ಯಾಲೊಜನ್ ಹಾಗೆ ಲೆಕ್ಕ ಹಾಕುವುದಿಲ್ಲ: ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. 55 ವ್ಯಾಟ್ ಹಾಕಿಸಿದರೂ ಹಳದಿ ಮಂದ ಬೆಳಕು ಬರುವುದು ಇದಕ್ಕೇ. ಅಷ್ಟಕ್ಕೂ ಮುಖ್ಯ ತೊಂದರೆ ಬೇರೆ. ಕೆಲವು ಮಾಡೆಲ್‌ಗಳಲ್ಲಿ ಪ್ಲೌ ಲ್ಯಾಂಪೂ ಟೈಲ್ ಲ್ಯಾಂಪೂ ಒಂದೇ ಫ್ಯೂಸಿನ ಮೇಲಿರುತ್ತವೆ. ಹೆಚ್ಚು ಲೋಡ್ ಹಾಕಿ ಆ ಫ್ಯೂಸ್ ಹಾರಿದರೆ ರಾತ್ರಿ ರಸ್ತೆಯಲ್ಲಿ ಹಿಂದಿನ ಕೆಂಪು ದೀಪವೂ ಇಲ್ಲ. ಆಗ ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗುವವರಿದ್ದಾರೆ. ಫ್ಯೂಸ್ ಇರುವುದು ಲೈಟನ್ನು ಕಾಯಲು ಅಲ್ಲ, ವೈರನ್ನು ಕಾಯಲು. 10ರ ಜಾಗಕ್ಕೆ 30 ಹಾಕಿದರೆ ಮುಂದೆ ಹಾರುವುದು ಫ್ಯೂಸ್ ಅಲ್ಲ, ಡ್ಯಾಶ್‌ಬೋರ್ಡ್ ಒಳಗಿನ ವೈರಿನ ಕಟ್ಟು ಸುಡುತ್ತದೆ.

ಎಲ್‌ಇಡಿ ಬಂದ ಮೇಲೆ ಈ ದಾರಿಗೆ ಮತ್ತೆ ಬೆಲೆ ಬಂದಿದೆ, ಒಂದು ಷರತ್ತಿನ ಮೇಲೆ. ಪ್ಲೌ ಲ್ಯಾಂಪಿನ ಹಳೆಯ ಬಲ್ಬನ್ನು ತೆಗೆದುಬಿಡಬೇಕು. ಬಲ್ಬಿನ ಬುಡದಲ್ಲಿ ವ್ಯಾಟ್ ಬರೆದಿರುತ್ತದೆ. 35 ಇದ್ದರೆ ಅದು 3 ಆಂಪಿಯರ್ ಎಳೆಯುತ್ತಿತ್ತು, ಅದರ ಜಾಗಕ್ಕೆ 18 ವ್ಯಾಟಿನ ಎರಡು ಎಲ್‌ಇಡಿ ಬಂದರೂ ವೈರಿಗೆ ಹೊರೆ ಅಷ್ಟೇ. ನಷ್ಟ ಕಾಲು ವೋಲ್ಟ್. ಮೇಲೆ 10ರಿಂದ 30 ವೋಲ್ಟ್ ಅಂತ ಬರೆದ, ಒಳಗೆ ಡ್ರೈವರ್ (ಕರೆಂಟನ್ನು ಹದದಲ್ಲಿಡುವ ಸರ್ಕ್ಯೂಟ್) ಇರುವ ಎಲ್‌ಇಡಿ ಅಷ್ಟು ಏರಿಳಿತವನ್ನು ಲೆಕ್ಕಿಸುವುದೇ ಇಲ್ಲ. ಎರಡೇ ಲೈಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಬಹುದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬೇಕಿಲ್ಲ. ಒಂದು ವಿಷಯ ಗಮನಿಸಿ: ಹಲವು ಪ್ಲೌ ಲ್ಯಾಂಪ್‌ಗಳ ಬೆನ್ನಿನ ಮೇಲೇ ಪುಟ್ಟ ಸ್ವಿಚ್ ಇರುತ್ತದೆ. ಕರೆಂಟು ಆ ಸ್ವಿಚ್ಚಿಗೆ ಬರುವ ಮೊದಲೇ ವೈರು ಸೇರಿಸಿದರೆ ಆ ಸ್ವಿಚ್ ನಿಮ್ಮ ಲೈಟನ್ನು ಆರಿಸುವುದಿಲ್ಲ.

ಬ್ಯಾಟರಿಯಿಂದ ನೇರ

ಬ್ಯಾಟರಿ ಪ್ಲಸ್ಸಿನಿಂದ ಒಂದು ವೈರು, ಮಧ್ಯೆ ಒಂದು ಟಾಗಲ್ ಸ್ವಿಚ್, ಹಿಂದೆ ಲೈಟು. ಹೆಚ್ಚು ಕಾಣುವುದು ಇದೇ, ನಾವು ಬೇಡ ಅನ್ನುವುದೂ ಇದನ್ನೇ. ಬೆಳಕು ಪೂರ್ತಿ ಬರುತ್ತದೆ, ನಿಜ. ಆದರೆ ಕೀ ತೆಗೆದರೂ ಲೈಟು ಉರಿಯುತ್ತಲೇ ಇರುತ್ತದೆ. ನಿಜವಾಗಿ 4 ಆಂಪಿಯರ್ ಎಳೆಯುವ ಲೈಟು ರಾತ್ರಿ 8 ಗಂಟೆ ಮರೆತು ಉರಿದರೆ 32 ಆಂಪಿಯರ್-ಅವರ್ ಹೋಯಿತು. 50 ಎಎಚ್ ಬ್ಯಾಟರಿಯಲ್ಲಿ ಡೀಸೆಲ್ ಇಂಜಿನ್ ತಿರುಗಿಸುವಷ್ಟು ಆಮೇಲೆ ಉಳಿದಿರುವುದಿಲ್ಲ. ಸ್ವಿಚ್ಚಿನಲ್ಲೂ ಪೂರ್ತಿ ಕರೆಂಟು ಹರಿಯುತ್ತದೆ. ಅಗ್ಗದ ಟಾಗಲ್ ಸ್ವಿಚ್ ಮೇಲೆ ಬರೆದ ಆಂಪಿಯರ್ 250 ವೋಲ್ಟ್ ಎಸಿಗೆ ಸಂಬಂಧಿಸಿದ್ದು, ಡಿಸಿಯಲ್ಲಿ ಕಿಡಿ ಬೇಗ ಆರುವುದಿಲ್ಲವಾದ್ದರಿಂದ ಕಾಂಟ್ಯಾಕ್ಟು ಕರಕಲಾಗಿ ಅಂಟಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಫ್ಯೂಸ್ ಇಲ್ಲದೆ ಎಳೆಯುವುದು. ಬಾನೆಟ್ ಒಳಗೆ ತಗಡಿನ ಅಂಚಿಗೆ ಉಜ್ಜಿ ಆ ವೈರಿನ ಪ್ಲಾಸ್ಟಿಕ್ ಹೋದ ದಿನ ಬ್ಯಾಟರಿಯ ನೂರಾರು ಆಂಪಿಯರ್ ಅದರೊಳಗೆ ನುಗ್ಗುತ್ತದೆ, ಮತ್ತು ಬಹಳ ಟ್ರ್ಯಾಕ್ಟರ್‌ಗಳಲ್ಲಿ ಡೀಸೆಲ್ ಪೈಪು ಅಲ್ಲೇ ಪಕ್ಕದಲ್ಲಿರುತ್ತದೆ.

ರಿಲೇ ಹಾಕುವುದು

ಎರಡಕ್ಕಿಂತ ಹೆಚ್ಚು ಲೈಟು, ಅಥವಾ ಹ್ಯಾಲೊಜನ್ನೇ ಬೇಕು ಅನ್ನುವವರಿಗೆ ಇದೊಂದೇ ದಾರಿ. 12 ವೋಲ್ಟಿನ, 30 ಆಂಪಿಯರಿನ ನಾಲ್ಕು ಕಾಲಿನ ಮಾಮೂಲಿ ರಿಲೇ ಸಾಕು, ಹೋಲ್ಡರ್ ಸಮೇತ ತನ್ನಿ. ಅದರ ಕಾಯಿಲ್ ಎಳೆಯುವುದು 0.2 ಆಂಪಿಯರಿಗಿಂತ ಕಡಿಮೆ, ಹಾಗಾಗಿ ಪ್ಲೌ ಲ್ಯಾಂಪಿನ ಸಪೂರ ವೈರು ಸಂದೇಶ ಮಾತ್ರ ಕೊಡುತ್ತದೆ, ಹೊರೆ ಹೊರುವುದು ಹೊಸ ವೈರು.

ಬ್ಯಾಟರಿ ಪ್ಲಸ್ಸಿನಿಂದ 15-20 ಸೆಂಟಿಮೀಟರ್ ಒಳಗೇ ಬ್ಲೇಡ್ ಫ್ಯೂಸ್ ಹೋಲ್ಡರ್. ಎರಡು ಹ್ಯಾಲೊಜನ್‌ಗೆ ನೀಲಿ ಬಣ್ಣದ 15 ಆಂಪಿಯರ್, ಎರಡು 18 ವ್ಯಾಟ್ ಎಲ್‌ಇಡಿಗೆ 5, ನಾಲ್ಕಕ್ಕೆ ಕೆಂಪು 10. ಫ್ಯೂಸಿನಿಂದ ರಿಲೇಯ 30ನೇ ನಂಬರ್ ಕಾಲಿಗೆ. 87ರಿಂದ ಹಿಂದಿನ ಲೈಟುಗಳ ಪ್ಲಸ್ಸಿಗೆ. 86ಕ್ಕೆ ಪ್ಲೌ ಲ್ಯಾಂಪಿನ ಪ್ಲಸ್ ವೈರು, 85 ಅರ್ಥಿಗೆ (ಮೈನಸ್ಸಿಗೆ). ಪ್ಲೌ ಲ್ಯಾಂಪ್ ವೈರು ಕೀ ಆಫ್ ಆದಾಗ ನಿಜವಾಗಿ ಸತ್ತಿದೆಯೇ ಅನ್ನುವುದನ್ನು ಟೆಸ್ಟ್ ಲ್ಯಾಂಪಿನಲ್ಲಿ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೀ ಆನ್ ಆದಾಗ ಮಾತ್ರ ಜೀವ ಬರುವ ಬೇರೆ ವೈರು ಹುಡುಕಿ, ನಡುವೆ ಸ್ವಿಚ್ ಇಡಿ. ಐದು ಕಾಲಿನ ರಿಲೇ ಸಿಕ್ಕರೆ ನಡುವಿನ 87ಎ ಕಾಲನ್ನು ಮುಟ್ಟಬೇಡಿ. ಅದಕ್ಕೆ ಲೈಟು ಕೊಟ್ಟರೆ ಸ್ವಿಚ್ ಆಫ್ ಆದಾಗಲೇ ಲೈಟು ಹತ್ತುತ್ತದೆ. ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ, ಸೈಲೆನ್ಸರಿನಿಂದ ದೂರ ಕೂರಿಸಬೇಕು. ಬಾಯಿ ಮೇಲಾಗಿದ್ದರೆ ತೊಳೆದ ನೀರು ಹೋಲ್ಡರಿನಲ್ಲಿ ನಿಂತು ಕಾಲುಗಳು ಹಸಿರುಗಟ್ಟುತ್ತವೆ.

ಹ್ಯಾಲೊಜನ್ ಜೋಡಿಗೆ ಹೋಗಲು 4, ಬರಲು 4 ಮೀಟರ್ ಅಂತ ಹಿಡಿದರೆ 2.5 ಎಂಎಂ ವೈರಿನಲ್ಲಿ ಅರ್ಧ ವೋಲ್ಟ್ ಮಾತ್ರ ಹೋಗುತ್ತದೆ, 4 ಎಂಎಂ ಹಾಕಿದರೆ 0.3. ಎಲ್‌ಇಡಿಗೆ 1 ಎಂಎಂ ಸಾಕಾದರೂ 1.5 ಎಂಎಂ ಹಾಕುವುದು ಅದುರಿಗೆ ಕಡಿಯದಿರಲಿ ಅಂತ. ಮನೆ ವೈರಿಂಗಿನ ಒಂಟಿ ದಪ್ಪ ತಂತಿ ಮಾತ್ರ ಬೇಡ. ಆಟೋ ವೈರಿನಂತೆ ಸಣ್ಣ ಎಳೆಗಳದ್ದೇ ಇರಬೇಕು.

ಅರ್ಥಿಂಗ್ ಮತ್ತು ಜಾಯಿಂಟ್

ನಮ್ಮ ಅನುಭವದಲ್ಲಿ "ಲೈಟು ಹೋಯಿತು" ಅಂತ ಬರುವವುಗಳಲ್ಲಿ ಹೆಚ್ಚಿನವು ಲೈಟು ಹೋದದ್ದಲ್ಲ, ಅರ್ಥ್ ಹೋದದ್ದು. ಸೀಟಿನ ಹಿಂದಿನ ರೋಲ್ ಬಾರಿಗೆ ಲೈಟು ಕಟ್ಟಿ, ಅದೇ ಬೋಲ್ಟಿಗೆ ಕಪ್ಪು ವೈರು ಸಿಕ್ಕಿಸುವುದು ರೂಢಿ. ರೋಲ್ ಬಾರಿನ ಮೇಲೆ ದಪ್ಪ ಬಣ್ಣ, ಮಡಚುವ ಜಾಗದಲ್ಲಿ ಪಿನ್ನು, ಅದರ ಸುತ್ತ ತುಕ್ಕು ಮತ್ತು ಗ್ರೀಸು. ಗಟ್ಟಿ ನೆಲದಲ್ಲಿ ಕುಲುಕಿದಾಗ ಬೆಳಕು ಮಿಣುಕಿದರೆ ಕಾರಣ ಆ ಪಿನ್ನು. ಇಂಡಿಕೇಟರ್ ಹಾಕಿದಾಗ ವರ್ಕ್ ಲೈಟೂ ಅದರ ಜೊತೆ ಮಂದವಾಗಿ ಮಿನುಗಿದರೆ ಅರ್ಥ್ ಕಡಿದು ಕರೆಂಟು ಬೇರೆ ಬಲ್ಬಿನ ಮೂಲಕ ವಾಪಸು ಹೋಗುತ್ತಿದೆ ಅಂತಲೇ ತಿಳಿಯಿರಿ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಮೇಲೆ ವ್ಯಾಸಲೀನ್ ಸವರಿದರೆ ಒಂದು ಹಂಗಾಮು ದಾಟುತ್ತದೆ. ಪ್ಲಸ್ಸಿನಷ್ಟೇ ದಪ್ಪದ ಕಪ್ಪು ವೈರನ್ನು ಬ್ಯಾಟರಿ ಮೈನಸ್ಸಿಗೆ ಅಥವಾ ಗೇರ್ ಬಾಕ್ಸಿನ ಶುದ್ಧ ಬೋಲ್ಟಿಗೆ ಎಳೆದರೆ ಈ ಚಿಂತೆಯೇ ಇಲ್ಲ. ವರ್ಷಗಟ್ಟಲೆ ನಿಲ್ಲಬೇಕು ಅನ್ನುವವರು ಆ 4 ಮೀಟರ್ ವೈರಿನ ದುಡ್ಡನ್ನು ಉಳಿಸಬಾರದು.

ಜಾಯಿಂಟುಗಳಲ್ಲಿ ತಿರುಚಿ ಟೇಪ್ ಸುತ್ತುವುದು ಎಲ್ಲಕ್ಕಿಂತ ಕೀಳು. ಇಂಜಿನ್ ಕಾವಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ವೈರನ್ನು ಕತ್ತರಿಸದೆ ಚುಚ್ಚಿ ಹಿಡಿಯುವ ನೀಲಿ ಕ್ಲಿಪ್ಪು ಬೇಗ ಕೂರುತ್ತದೆ, ಆದರೆ ಒಳಗಿನ ಬ್ಲೇಡ್ ತಾಮ್ರದ ಎಳೆಗಳನ್ನೂ ಕಡಿಯುತ್ತದೆ. ಗದ್ದೆ ಕೆಲಸದ ಟ್ರ್ಯಾಕ್ಟರಿನಲ್ಲಿ ನೀರು ಅಲ್ಲಿಂದಲೇ ವೈರಿನ ಹೊಟ್ಟೆಗೆ ಇಳಿಯುತ್ತದೆ. ಬೆಸುಗೆ ಹಾಕಿದ ಜಾಯಿಂಟ್ ಕರೆಂಟಿಗೆ ಒಳ್ಳೆಯದೇ. ಸೀಸ ಹೀರಿ ಗಟ್ಟಿಯಾದ ಜಾಗ ಮುಗಿದು ಮೆತ್ತಗಿನ ವೈರು ಶುರುವಾಗುವ ಕಡೆ ಅದುರಿಗೆ ಕಡಿಯುತ್ತದೆ, ಅಷ್ಟೇ. ಸರಿಯಾದ ಲಗ್ಗಿಗೆ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಸರಿಯಾದ ಕ್ರಿಂಪಿಂಗ್ ಪ್ಲೈಯರ್, ಅದರ ಮೇಲೆ ಒಳಮೈಗೆ ಅಂಟು ಇರುವ, ಕಾವಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್: ನಾವು ಹಾಕಿದವುಗಳಲ್ಲಿ ಗಟ್ಟಿಯಾಗಿ ನಿಂತಿದ್ದು ಇದು. 1.5 ಎಂಎಂವರೆಗೆ ಕೆಂಪು ಲಗ್ಗು, 2.5ರವರೆಗೆ ನೀಲಿ, 4-6ಕ್ಕೆ ಹಳದಿ. ಕ್ರಿಂಪ್ ಮಾಡಿದ ಮೇಲೆ ಕೈಯಿಂದ ಜೋರಾಗಿ ಎಳೆದು ನೋಡಿ, ಬರಬೇಕಾದದ್ದು ಅಲ್ಲೇ ಬಂದುಬಿಡಲಿ. ವೈರನ್ನು ಸುಕ್ಕು ಪೈಪಿನೊಳಗೆ ಹಾಯಿಸಿ 20-25 ಸೆಂಟಿಮೀಟರಿಗೆ ಒಂದು ಟೈ ಕಟ್ಟಿ. ತಗಡು ದಾಟುವ ತೂತಿಗೆ ರಬ್ಬರ್ ಗ್ರಾಮೆಟ್ ಬೇಕೇ ಬೇಕು. ಲೈಟಿನ ಹತ್ತಿರ ವೈರು ಒಮ್ಮೆ ಕೆಳಗೆ ಬಾಗಿ ಮೇಲೆ ಹೋಗಲಿ, ಮಳೆನೀರು ಬಾಗಿದಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಎಲ್ಲಿ ಕೂರಿಸುವುದು

ರೋಟವೇಟರಿಗೆ ರೋಲ್ ಬಾರ್ ಮೇಲಿನ ಎರಡು ತುದಿಗಳೇ ಮೇಲು. ಎತ್ತರದಿಂದ ಬಿದ್ದ ಬೆಳಕಿಗೆ ನೆರಳು ಚಿಕ್ಕದು, ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ರೋಲ್ ಬಾರಿಗೆ ತೂತು ಕೊರೆಯಬೇಡಿ, ವೆಲ್ಡಿಂಗೂ ಬೇಡ. ಟ್ರ್ಯಾಕ್ಟರ್ ಮಗುಚಿದಾಗ ಜೀವ ಉಳಿಸುವ ಕಂಬಿ ಅದು. ಕ್ಲ್ಯಾಂಪ್ ಬಳಸಿ. ದ್ರಾಕ್ಷಿ ಚಪ್ಪರದ ಕೆಳಗೆ ರೋಲ್ ಬಾರ್ ಮಡಚಲೇಬೇಕಾದ್ದರಿಂದ ಅಲ್ಲಿ ಮಡ್‌ಗಾರ್ಡ್ ಮೇಲೆಯೇ ಗತಿ. ಔಷಧಿಯ ಮಂಜಿಗೂ ಧೂಳಿಗೂ 6000 ಕೆಲ್ವಿನ್‌ನ ಬಿಳಿ ಬೆಳಕು ಕಣ್ಣಿಗೇ ವಾಪಸು ಹೊಡೆಯುತ್ತದೆ. 3000-4000ದ ಹಳದಿ ಛಾಯೆಯ ಎಲ್‌ಇಡಿ ಕಣ್ಣಿಗೆ ಹಿತ. ದೂರಕ್ಕೆ ಹೊಡೆಯುವ ಸ್ಪಾಟ್ ಬೇಡ, ಹರಡುವ ಫ್ಲಡ್ ಬೇಕು. ರೋಟವೇಟರಿನಿಂದ ಮೂರು-ನಾಲ್ಕು ಮೀಟರ್ ಹಿಂದಿನ ನೆಲ ಬೆಳಗುವಂತೆ ಬಗ್ಗಿಸಿದರೆ ಸಾಕು. ರಸ್ತೆಗೆ ಹತ್ತುವ ಮೊದಲು ಆರಿಸಿ, ಹಿಂದೆ ಬರುವ ಬೈಕಿನವನಿಗೆ ಆ ಬೆಳಕಿನಲ್ಲಿ ಏನೂ ಕಾಣುವುದಿಲ್ಲ.

ಎಲ್ಲ ಮುಗಿದ ಮೇಲೆ ಇಂಜಿನನ್ನು ಕೆಲಸದ ವೇಗಕ್ಕೆ ಏರಿಸಿ, ಹೆಡ್‌ಲೈಟ್ ಸಮೇತ ಎಲ್ಲ ಲೈಟು ಹಾಕಿ ಬ್ಯಾಟರಿ ಮೇಲೆ ಮೀಟರ್ ಹಿಡಿಯಿರಿ. 13.5 ಮೇಲೆ ನಿಂತರೆ ಆಲ್ಟರ್ನೇಟರ್ ಹೊರೆ ಹೊರುತ್ತಿದೆ. 12.6ಕ್ಕಿಂತ ಕೆಳಗೆ ಜಾರುತ್ತಿದ್ದರೆ ಬೆಳಕು ಬ್ಯಾಟರಿಯಿಂದ ಬರುತ್ತಿದೆ, ಒಂದು ಜೋಡಿ ಇಳಿಸಬೇಕು ಅಥವಾ ಹ್ಯಾಲೊಜನ್ ಬಿಟ್ಟು ಎಲ್‌ಇಡಿಗೆ ಬರಬೇಕು. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಬೇಡಿ, ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಎಗರಿ ಎಲ್‌ಇಡಿ ಡ್ರೈವರ್‌ಗಳನ್ನು ಸುಡುತ್ತದೆ. ಟ್ರ್ಯಾಕ್ಟರ್ ಮೇಲೆ ಎಲ್ಲೇ ವೆಲ್ಡಿಂಗ್ ಮಾಡಿಸಿದರೂ ಮೊದಲು ಬ್ಯಾಟರಿ ಮೈನಸ್ ಬಿಚ್ಚಿಸಿ, ಲೈಟುಗಳ ಕಪ್ಲರ್ ಕಳಚಿಸಿ.