ಗಿಡದ ಅಕ್ವೇರಿಯಂಗೆ ಎಲ್‌ಇಡಿ ಲೈಟ್ ತಗೊಳ್ಳೋ ಮುಂಚೆ ಇದನ್ನು ಓದಿ

ನಿಮ್ಮ ಮೀನಿನ ತೊಟ್ಟಿಯ ಮೇಲೆ ಕಾಂಪೌಂಡಿಗೆ ಹಾಕುವ ಫ್ಲಡ್‌ಲೈಟ್ ಇದೆಯಾ? ಇದ್ದರೆ ಮೊದಲು ಹೋಗಿ ಅದರ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಬನ್ನಿ. ಆಮೇಲೆ ಓದಿ.

ಕಳೆದ ಜೂನ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ತೊಟ್ಟಿಯ ನೀರು ಬದಲಾಯಿಸುತ್ತಿದ್ದೆ. ಬಕೆಟ್‌ನಿಂದ ಚೆಲ್ಲಿದ ನೀರು ನೆಲದ ಮೇಲೆ ಹರಿದಿತ್ತು. ನಾನು ಬರಿಗಾಲಲ್ಲಿ ಅದರ ಮೇಲೇ ನಿಂತಿದ್ದೆ. ಕೈಗೆ ಅಡ್ಡ ಬರುತ್ತಿದೆ ಅಂತ ಲೈಟನ್ನು ಸ್ವಲ್ಪ ಹಿಂದಕ್ಕೆ ತಳ್ಳಲು ಹೋದೆ. ಅದರ ಅಲ್ಯುಮಿನಿಯಂ ಮೈಗೆ ಒದ್ದೆ ಬೆರಳು ತಾಗಿದ್ದೇ ತಡ, ಕರೆಂಟ್ ಹೊಡೆಯಿತು. ಕೈ ತಾನಾಗೇ ಹಿಂದಕ್ಕೆ ಬಂತು, ಮೊಣಕೈ ಗಾಜಿನ ಅಂಚಿಗೆ ಬಡಿದು ತರಚಿತು. ಐದು ನಿಮಿಷ ಸುಮ್ನೆ ನೆಲದ ಮೇಲೆ ಕೂತುಬಿಟ್ಟೆ. ನನ್ನ ಮಗಳಿಗೆ ಆರು ವರ್ಷ. ದಿನಾ ಸಂಜೆ ಸ್ಟೂಲ್ ಹತ್ತಿ ಮೀನಿಗೆ ಊಟ ಹಾಕುವುದು ಅವಳ ಕೆಲಸ. ಅದೇ ಲೈಟಿನ ಪಕ್ಕದಲ್ಲಿ ಕೈ ಚಾಚಿ ಹಾಕುತ್ತಾಳೆ. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಆ ಲೈಟ್ ನನ್ನ ತೊಟ್ಟಿಯ ಮೇಲೆ ಹೇಗೆ ಬಂತು ಅನ್ನುವುದನ್ನು ಮೊದಲಿಂದ ಹೇಳುತ್ತೇನೆ. ಇದೇ ದಾರಿಯಲ್ಲಿ ತುಂಬಾ ಜನ ಹೋಗುತ್ತಿದ್ದಾರೆ.

ನನ್ನದು ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಮೂರು ಬಗೆಯ ನೀರಿನ ಗಿಡ: ಹಿಂದೆ ರೊಟಾಲಾ, ಪಕ್ಕದಲ್ಲಿ ವ್ಯಾಲಿಸ್ನೇರಿಯಾ, ಮುಂದೆ ಕಟ್ಟಿಗೆಗೆ ಕಟ್ಟಿದ ಅನುಬಿಯಾಸ್. ಮೊದಲ ಲೈಟನ್ನು ಆನ್‌ಲೈನ್‌ನಲ್ಲಿ 1,350 ರೂಪಾಯಿ ಕೊಟ್ಟು ತರಿಸಿದ್ದೆ. ಡಬ್ಬಿಯ ಮೇಲೆ 36 ವ್ಯಾಟ್, ಫುಲ್ ಸ್ಪೆಕ್ಟ್ರಂ, 6500 ಕೆಲ್ವಿನ್ ಅಂತೆಲ್ಲ ದಪ್ಪ ಅಕ್ಷರದಲ್ಲಿತ್ತು. ಹಾಕಿದ ದಿನ ಮೀನುಗಳು ಫಳಫಳ ಹೊಳೆದವು. ಮನೆಯವರೆಲ್ಲ ಖುಷಿಪಟ್ಟರು.

ತಂದಾಗ ರೊಟಾಲಾ ಎಲೆಗಳು ಒತ್ತೊತ್ತಾಗಿದ್ದವು. ಒಂದು ತಿಂಗಳಲ್ಲಿ ಗೆಣ್ಣಿಗೂ ಗೆಣ್ಣಿಗೂ ನಡುವೆ ಹೆಬ್ಬೆರಳಿನ ಅಗಲದಷ್ಟು ಅಂತರ ಬಂತು. ಕಾಂಡ ದಾರದ ತರ ಸಣಕಲಾಯಿತು. ಬುಡದ ಎಲೆಗಳು ಪಾರದರ್ಶಕವಾಗಿ, ಮುಟ್ಟಿದರೆ ಕರಗುವ ಹಾಗೆ ಉದುರತೊಡಗಿದವು. ಗಿಡ ಬೆಳಕು ಹುಡುಕಿಕೊಂಡು ಮೇಲಕ್ಕೆ ಓಡುತ್ತಿತ್ತು. ನಾನು ಮಾತ್ರ ಗೊಬ್ಬರ ಕಡಿಮೆ ಆಗಿದೆ ಅಂದುಕೊಂಡು ವಾರಕ್ಕೆರಡು ಸಲ ದ್ರವಗೊಬ್ಬರ ಸುರಿದೆ.

ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು ವ್ಯಾಟ್‌ಮೀಟರ್ ತಂದೆ. ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಸಿಕ್ಕಿಸುವ ಚಿಕ್ಕ ಡಬ್ಬಿ ಅದು. ಲೈಟ್ ಹಾಕಿದೆ. 11 ವ್ಯಾಟ್ ತೋರಿಸಿತು. ಬೇರೆ ಸಾಕೆಟ್‌ನಲ್ಲೂ ಅಷ್ಟೇ. ಲೈಟಿನ ಅಡಿಯ ಚಿಪ್‌ಗಳನ್ನು ಎಣಿಸಿದೆ, 72 ಇದ್ದವು. ಒಂದೊಂದು ಚಿಪ್ ಅರ್ಧ ವ್ಯಾಟಿನದು ಅಂತ ಗುಣಿಸಿದರೆ 36 ಆಗುತ್ತದೆ. ಆ ಚಿಪ್‌ಗಳಿಗೆ ನಿಜವಾಗಿ ಎಷ್ಟು ಕರೆಂಟ್ ಕೊಡುತ್ತಿದ್ದಾರೆ ಅನ್ನುವುದನ್ನು ಮಾತ್ರ ಡಬ್ಬಿ ಹೇಳುವುದಿಲ್ಲ. ಇದು ಮೋಸವೇ. ಮಾರಿದವರನ್ನು ಕೇಳಿದರೆ, ವಾಪಸ್ ಕೊಡುವ ಏಳು ದಿನ ಮುಗಿದಿದೆ ಅಂದರು. ನಿಮಗೆ ಹೀಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ನನಗೆ ಆಗ ಅದು ಹೊಳೆಯಲಿಲ್ಲ.

ಇನ್ನೊಂದು ಮಾತು. 6500 ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಲೆಕ್ಕ. ಬೆಳಕು ಎಷ್ಟಿದೆ ಅನ್ನುವುದನ್ನು ಅದು ಹೇಳುವುದಿಲ್ಲ. ಒಂದು ಸಣ್ಣ ಟಾರ್ಚ್ ಕೂಡ 6500 ಕೆಲ್ವಿನ್ ಇರಬಹುದು. ಅಂಗಡಿಯಲ್ಲಿ ಈ ನಂಬರ್ ತೋರಿಸಿ ಗಿಡಕ್ಕೆ ಇದೇ ಸರಿ ಅಂದರೆ, ಬೆಳಕಿನ ಪ್ರಮಾಣ, ಅಂದರೆ ಲ್ಯೂಮೆನ್ ಎಷ್ಟು ಅಂತ ಕೇಳಿ.

ಬೆಳಕು ಸಾಲದು ಅಂತ ಗೊತ್ತಾದ ಮೇಲೆ ನಾನು ಮಾಡಿದ್ದು ಎರಡನೇ ತಪ್ಪು. ಪರಿಚಯದವರೊಬ್ಬರು 50 ವ್ಯಾಟ್ ಫ್ಲಡ್‌ಲೈಟ್ ಹಾಕಿ, ಅರ್ಧ ದುಡ್ಡಿಗೆ ಆಗುತ್ತೆ ಅಂದರು. ತಂದು, ಎರಡು ಅಡಿ ಮೇಲೆ ನೇತು ಹಾಕುವ ಬದಲು ತೊಟ್ಟಿಯ ಗಾಜಿನ ಮೇಲೇ ಕೂರಿಸಿದೆ. ದಿನಕ್ಕೆ ಹತ್ತು ಗಂಟೆ ಉರಿಸಿದೆ. ಹತ್ತೇ ದಿನದಲ್ಲಿ ಗಾಜಿನ ತುಂಬ ಹಸಿರು ಚುಕ್ಕಿ. ಮೂರನೇ ವಾರ ಅನುಬಿಯಾಸ್ ಎಲೆಯ ಅಂಚಿಗೆ ಕಪ್ಪು ಕೂದಲಿನಂಥ ಪಾಚಿ ಕುಚ್ಚುಕುಚ್ಚಾಗಿ ಅಂಟಿತು. ಉಗುರಲ್ಲಿ ಕೆರೆದರೂ ಬರಲಿಲ್ಲ. ಎಳೆದರೆ ಎಲೆಯೇ ಹರಿದು ಬಂತು.

ಯಾಕೆ ಹೀಗಾಯಿತು ಅಂದರೆ, ಬೆಳಕು ಜಾಸ್ತಿ ಆದಷ್ಟೂ ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೂಡ ಜಾಸ್ತಿ ಬೇಕು. ಆ ಗ್ಯಾಸಿನ ಸಿಲಿಂಡರ್ ಇಲ್ಲದ ತೊಟ್ಟಿಯ ನೀರಲ್ಲಿ ಅದು ಲೀಟರಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ. ಸಿಲಿಂಡರ್ ಇಟ್ಟವರು 20ರಿಂದ 30 ಮಿಲಿಗ್ರಾಂವರೆಗೆ ಏರಿಸುತ್ತಾರೆ. ನನ್ನ ಗಿಡಗಳಿಗೆ ಬಿಸಿಲು ಸಿಕ್ಕಿತು, ಊಟ ಸಿಗಲಿಲ್ಲ. ಸೊರಗಿದ ಎಲೆಯ ಮೇಲೆ ಪಾಚಿ ಕೂತಿತು. ಅನುಬಿಯಾಸ್ ಆಫ್ರಿಕಾದ ಕಾಡಿನ ತೊರೆಗಳ ನೆರಳಲ್ಲಿ ಬೆಳೆಯುವ ಗಿಡ. ನಮ್ಮಲ್ಲಿ ಅಡಿಕೆ ತೋಟದ ನೆರಳಲ್ಲಿ ಏಲಕ್ಕಿ ಬೆಳೆಯುತ್ತದಲ್ಲ, ಹಾಗೆ. ಏಲಕ್ಕಿಯನ್ನು ತಂದು ಗದ್ದೆಯ ಬಿಸಿಲಿಗೆ ಯಾರಾದರೂ ನೆಡುತ್ತಾರಾ? ನಾನು ಮಾಡಿದ್ದು ಅದನ್ನೇ.

ಗಿಡ ಹೋದರೆ ಇನ್ನೊಂದು ತರಬಹುದು. ಕರೆಂಟಿನ ವಿಷಯ ಹಾಗಲ್ಲ, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಸೋಮವಾರ ಎಲೆಕ್ಟ್ರಿಷಿಯನ್ ಬಂದರು. ಟೆಸ್ಟರ್ ತೆಗೆದು ಲೈಟಿನ ಮೈಗೆ ಇಟ್ಟರು. ಟೆಸ್ಟರ್ ಒಳಗಿನ ದೀಪ ಕೆಂಪಗೆ ಹೊತ್ತಿತು. ಆಮೇಲೆ ವೈರ್ ಹಿಡಿದುಕೊಂಡು ಪ್ಲಗ್‌ವರೆಗೂ ಬಂದರು. "ಸರ್, ಈ ಹಸಿರು ವೈರ್ ಎಲ್ಲಿ?" ಅಂದರು. ಫ್ಲಡ್‌ಲೈಟ್ ಬರುವುದು ಪ್ಲಗ್ ಇಲ್ಲದೆ, ಮೂರು ಬರೀ ವೈರ್‌ಗಳ ಜೊತೆ. ನಾನು ಮನೆಯಲ್ಲಿದ್ದ ಎರಡು ಪಿನ್ನಿನ ಪ್ಲಗ್ ಹಾಕಿ, ಹಸಿರು ವೈರನ್ನು ಕತ್ತರಿಸಿ ಟೇಪ್ ಸುತ್ತಿದ್ದೆ. ಅದೇ ಅರ್ಥಿಂಗ್ ವೈರ್. "ಇದು ಇದ್ದಿದ್ರೆ ಕರೆಂಟ್ ಭೂಮಿಗೆ ಹೋಗ್ತಿತ್ತು ಸರ್. ಇಲ್ಲ ಅಂದ್ರೆ ನಿಮ್ಮ ಮೈಯಿಂದಾನೇ ಹೋಗ್ಬೇಕು" ಅಂದರು.

ಬಿಚ್ಚಿ ನೋಡಿದರೆ ಗಾಜಿನ ಒಳಗಡೆ ಮಂಜಿನ ಹನಿ, ಸ್ಕ್ರೂ ಸುತ್ತ ತುಕ್ಕು. ಡಬ್ಬಿಯ ಮೇಲೆ ಐಪಿ65 ಅಂತ ಇತ್ತು. ಅದು ಧೂಳು ಮತ್ತು ಮೇಲಿಂದ ಬೀಳುವ, ಚಿಮ್ಮುವ ನೀರಿಗೆ ಕೊಡುವ ಭರವಸೆ. ತೊಟ್ಟಿಯ ಮೇಲೆ ತಿಂಗಳುಗಟ್ಟಲೆ ಕೂತು ಆವಿ ಕುಡಿಯುವುದಕ್ಕಲ್ಲ. ಇನ್ನೊಂದು ಸಂಗತಿಯನ್ನು ಅವರೇ ತೋರಿಸಿದರು. ಅಗ್ಗದ ಫ್ಲಡ್‌ಲೈಟ್‌ಗಳಲ್ಲಿ ಬೇರೆ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ತಕ್ಕ ಹಾಗೆ ಬದಲಿಸಿ ಕೊಡುವ ಡಬ್ಬಿ, ಇರುವುದಿಲ್ಲ. ಒಂದೇ ಹಲಗೆಯ ಮೇಲೆ ಎಲ್ಲ ಇರುತ್ತದೆ, ಗೋಡೆಯ 230 ವೋಲ್ಟ್ ನೇರವಾಗಿ ಆ ಹಲಗೆಗೇ ಬರುತ್ತದೆ. ಅದಕ್ಕೂ ಹೊರಗಿನ ಲೋಹಕ್ಕೂ ನಡುವೆ ತೆಳ್ಳನೆಯ ಒಂದು ಪದರ ಅಷ್ಟೇ.

ಈಗ ನನ್ನ ತೊಟ್ಟಿಯ ಮೇಲಿರುವುದು 24 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವ ಲೈಟ್. ಅಡಾಪ್ಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಇದೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇದೆ. ನೀರಿನ ಹತ್ತಿರ ಬರುವುದು 24 ವೋಲ್ಟ್ ಮಾತ್ರ, 230 ದೂರದಲ್ಲೇ ನಿಲ್ಲುತ್ತದೆ. ವ್ಯಾಟ್‌ಮೀಟರ್‌ನಲ್ಲಿ 18 ವ್ಯಾಟ್ ತೋರಿಸುತ್ತದೆ, ಸುಮಾರು 1,600 ಲ್ಯೂಮೆನ್. ಸಿಲಿಂಡರ್ ಇಲ್ಲದವರಿಗೆ ಲೀಟರಿಗೆ 10ರಿಂದ 20 ಲ್ಯೂಮೆನ್ ಅನ್ನುವುದು ಹವ್ಯಾಸಿಗಳ ರೂಢಿಯ ಲೆಕ್ಕ. ಕರಾರುವಾಕ್ಕಲ್ಲ, ಆದರೆ ಶುರು ಮಾಡಲು ಸಾಕು. ಹಾಗಾಗಿ ಡಿಮ್ಮರ್ ತಿರುಗಿಸಿ ಅರ್ಧಕ್ಕೆ ಇಳಿಸಿದ್ದೇನೆ. ಡಿಮ್ಮರ್ ಇಲ್ಲದ ಲೈಟನ್ನು ನಾನಂತೂ ಇನ್ನು ತರುವುದಿಲ್ಲ. ಟೈಮರ್ ಹಾಕಿ ದಿನಕ್ಕೆ ಆರು ಗಂಟೆ ಮಾತ್ರ ಬೆಳಕು. ಗಿಡ ಹೊಸ ಚಿಗುರು ಬಿಡುತ್ತಿದ್ದರೆ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತೇನೆ, ಗಾಜಿನಲ್ಲಿ ಚುಕ್ಕಿ ಕಂಡರೆ ಇಳಿಸುತ್ತೇನೆ.

ವೈರ್ ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಹೋಗುವ ಹಾಗೆ ಬಿಡಿ. ನೀರು ವೈರ್ ಗುಂಟ ಇಳಿದರೂ ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. ನಮ್ಮದು ಹಳೇ ಬಾಡಿಗೆ ಮನೆ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಇರಲಿಲ್ಲ. ಮಾಲೀಕರಿಗೆ ನಡೆದದ್ದನ್ನು ಹೇಳಿದೆ. ಅರ್ಧ ಖರ್ಚು ಅವರೇ ಕೊಟ್ಟು 30 ಮಿಲಿಆಂಪಿಯರ್‌ನದು ಹಾಕಿಸಿದರು. ಸ್ವಲ್ಪ ಸೋರಿಕೆ ಆದರೂ ಅದು ತಕ್ಷಣ ಟ್ರಿಪ್ ಆಗುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ.

ತೊಟ್ಟಿಯೊಳಗೆ ಕೈ ಹಾಕುವ ಮುಂಚೆ ಲೈಟ್, ಫಿಲ್ಟರ್, ಹೀಟರ್ ಎಲ್ಲದರ ಪ್ಲಗ್ ತೆಗೆಯುವುದು ಈಗ ನಮ್ಮ ಮನೆಯ ನಿಯಮ. ಮಗಳು ಈಗಲೂ ದಿನಾ ಊಟ ಹಾಕುತ್ತಾಳೆ. ಸ್ಟೂಲ್ ಹತ್ತುವ ಮುಂಚೆ ಚಪ್ಪಲಿ ಹಾಕಿಕೊಂಡು, "ಅಪ್ಪಾ, ಪ್ಲಗ್ ತೆಗ್ದಿದ್ದೀಯಾ?" ಅಂತ ಕೇಳುತ್ತಾಳೆ.