ಮೂರು ವಾರಗಳ ನಂತರ ಉಳಿದದ್ದು: ನಾಲ್ಕು ಚಿತ್ರಗಳು

ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ ‘ಟ್ವೆಲ್ವ್ ಆ್ಯಂಗ್ರಿ ಮೆನ್’ (1957) ಚಿತ್ರದಲ್ಲಿ ಒಂದು ಪುಟ್ಟ ಪ್ರಸಂಗವಿದೆ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗ ಆ ರಾತ್ರಿ ತಾನು ಸಿನಿಮಾ ನೋಡಲು ಹೋಗಿದ್ದೆನೆಂದು ಹೇಳಿರುತ್ತಾನೆ. ಆದರೆ ಪೊಲೀಸರು ಕೇಳಿದಾಗ ಚಿತ್ರದ ಹೆಸರಾಗಲಿ ನಟರ ಹೆಸರಾಗಲಿ ಅವನ ನೆನಪಿಗೆ ಬಂದಿರುವುದಿಲ್ಲ. ಅವನು ಸುಳ್ಳುಗಾರನೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ವಾದಿಸುವವನು ಜ್ಯೂರಿಯ, ಅಂದರೆ ತೀರ್ಪು ನೀಡಲು ಕುಳಿತ ಹನ್ನೆರಡು ನಾಗರಿಕರ ತಂಡದ, ನಾಲ್ಕನೆಯ ಸದಸ್ಯ. ಕನ್ನಡಕ ಧರಿಸಿದ, ಅಂಥ ಸೆಕೆಯಲ್ಲೂ ಕೋಟು ಬಿಚ್ಚದ, ತನಗೆ ಬೆವರುವ ಅಭ್ಯಾಸವೇ ಇಲ್ಲವೆಂದು ತಣ್ಣಗೆ ಹೇಳುವ ಷೇರು ದಲ್ಲಾಳಿ ಆತ. ಎಂಟನೆಯ ಸದಸ್ಯನಾದ ಹೆನ್ರಿ ಫಾಂಡಾ ಅವನನ್ನು ನಿನ್ನೆ ಏನು ಮಾಡಿದಿರಿ, ಮೊನ್ನೆ ಏನು ಮಾಡಿದಿರಿ ಎಂದು ಒಂದೊಂದೇ ದಿನ ಹಿಂದಕ್ಕೆ ಕರೆದೊಯ್ಯುತ್ತಾನೆ. ಕೆಲವೇ ದಿನಗಳ ಹಿಂದೆ ನೋಡಿದ ಚಿತ್ರದ ಹೆಸರನ್ನು ದಲ್ಲಾಳಿ ತಪ್ಪಾಗಿ ಹೇಳುತ್ತಾನೆ, ನಟಿಯ ಹೆಸರು ಬಾಯಲ್ಲೇ ಅರ್ಧಕ್ಕೆ ನಿಲ್ಲುತ್ತದೆ, ಕೈ ತಾನಾಗಿಯೇ ಕರವಸ್ತ್ರ ತೆಗೆದು ಹಣೆ ಒರೆಸುತ್ತದೆ.

ಅಲ್ಲಿಗೆ ನಾನು ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿ ನನ್ನನ್ನೇ ಅದೇ ಪ್ರಶ್ನೆ ಕೇಳಿಕೊಂಡೆ. ಹಿಂದಿನ ವಾರವಷ್ಟೇ ಚಿತ್ರಮಂದಿರದಲ್ಲಿ ಮೂರು ಗಂಟೆ ಕುಳಿತು ನೋಡಿದ್ದ ಚಿತ್ರದ ಐದಾರು ಪಾತ್ರಗಳ ಹೆಸರುಗಳನ್ನು ಹೇಳಲು ನನ್ನಿಂದಲೂ ಆಗಲಿಲ್ಲ. ಹೀಗಾಗಿ ಈ ಬಾರಿ ಚಿತ್ರ ನೋಡಿದ ಮರುದಿನವೇ ಅಭಿಪ್ರಾಯ ಬರೆಯುವ ರೂಢಿಯನ್ನು ಬಿಟ್ಟೆ. ನಾಲ್ಕು ಚಿತ್ರಗಳನ್ನು ನೋಡಿ ಮುಗಿಸಿ, ಸುಮಾರು ಮೂರು ವಾರ ಸುಮ್ಮನಿದ್ದು, ಮನಸ್ಸಿನಲ್ಲಿ ಉಳಿದುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಇವುಗಳಲ್ಲಿ ಮೂರನ್ನು ಮನೆಯ ಟಿವಿಯಲ್ಲಿ, ಒಂದನ್ನು ಚಿತ್ರಮಂದಿರದಲ್ಲಿ ನೋಡಿದೆ. ಎಲ್ಲಿ ನೋಡಿದೆನೆಂಬುದಕ್ಕೂ ಏನು ಉಳಿಯಿತೆಂಬುದಕ್ಕೂ ಇರುವ ನಂಟು ನಾನೆಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು.

‘ಟ್ವೆಲ್ವ್ ಆ್ಯಂಗ್ರಿ ಮೆನ್’ ಬಗ್ಗೆ ಹೊಸದಾಗಿ ಹೊಗಳುವುದಕ್ಕೆ ಏನೂ ಉಳಿದಿಲ್ಲವೆಂದು ಭಾವಿಸಿಯೇ ನೋಡಲು ಕುಳಿತಿದ್ದೆ. 96 ನಿಮಿಷಗಳ ಈ ಕಪ್ಪುಬಿಳುಪು ಚಿತ್ರ ಕೆಲವೇ ನಿಮಿಷಗಳ ಹೊರತು ಒಂದು ಕೋಣೆಯನ್ನು ಬಿಟ್ಟು ಹೊರಗೆ ಹೋಗುವುದಿಲ್ಲ; 1954ರಲ್ಲಿ ರೆಜಿನಾಲ್ಡ್ ರೋಸ್ ಟೆಲಿವಿಷನ್‌ಗಾಗಿ ಬರೆದ ನಾಟಕವೇ ಇದರ ಮೂಲ. ಮಾತೇ ಮಾತಾಗಿರುವ ಚಿತ್ರವೆಂದು ಇದನ್ನು ಕಣ್ಣು ಮುಚ್ಚಿ ಕೇಳಿದರೂ ಆದೀತು ಎನ್ನುವವರಿದ್ದಾರೆ. ನನಗೆ ಉಳಿದದ್ದು ಮಾತಲ್ಲ, ಛಾವಣಿ. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದು, ಕೋಣೆಯನ್ನು ವಿಶಾಲವಾಗಿ ತೋರಿಸುತ್ತದೆ. ಚಿತ್ರ ಸಾಗಿದಂತೆ ಅದು ಕಣ್ಣಿನ ಮಟ್ಟಕ್ಕೂ ಕೊನೆಯಲ್ಲಿ ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. ಜೊತೆಗೆ ಉದ್ದನೆಯ ಲೆನ್ಸ್‌ಗಳು ಬರತೊಡಗುವುದರಿಂದ ಹಿಂದಿನ ಗೋಡೆ ಕುಳಿತವರ ಬೆನ್ನಿಗೆ ಬಂದು ಅಂಟಿಕೊಂಡಂತೆ ಕಾಣುತ್ತದೆ. ಲ್ಯೂಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಇದನ್ನು ಲೆಕ್ಕ ಹಾಕಿಯೇ ಮಾಡಿದ್ದರು. ಕೋಣೆ ಕುಗ್ಗುತ್ತಿದೆ ಎಂದು ಯಾವ ಪಾತ್ರವೂ ಹೇಳುವುದಿಲ್ಲ, ಆದರೂ ಕೊನೆಯ ಅರ್ಧ ಗಂಟೆಯಲ್ಲಿ ನಾನು ಎದ್ದು ಹೋಗಿ ಕಿಟಕಿ ತೆರೆದು ಬಂದೆ. ತಿರುಗದ ಫ್ಯಾನು ದೀಪದ ಸ್ವಿಚ್ಚಿಗೇ ಜೋಡಿಸಲ್ಪಟ್ಟಿತ್ತೆಂದು ಬಹಳ ತಡವಾಗಿ ಗೊತ್ತಾಗುವ ಗಳಿಗೆಯಲ್ಲಿ ಆ ಹನ್ನೆರಡು ಜನರಿಗಿಂತ ಹೆಚ್ಚು ನೆಮ್ಮದಿ ನನಗಾಯಿತು.

ಇಲ್ಲಿ ಟಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಹತ್ತು ನಿಮಿಷ ಈ ಚಿತ್ರ ನನಗೆ ಯಾವುದೋ ಧಾರಾವಾಹಿಯ ಚಿತ್ರೀಕರಣವನ್ನು ಪಕ್ಕದಲ್ಲಿ ನಿಂತು ನೋಡುತ್ತಿರುವಂತೆ ಕಂಡಿತು. ನಟರು ಜಾರುತ್ತಿರುವಂತೆ ನಡೆಯುತ್ತಿದ್ದರು. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರಿತವಾಗಿರುತ್ತದೆ. ಈಗಿನ ಅನೇಕ ಟಿವಿಗಳು ಆ ಚೌಕಟ್ಟುಗಳ ನಡುವೆ ತಾವೇ ಊಹಿಸಿದ ಚೌಕಟ್ಟುಗಳನ್ನು ತುರುಕಿ ಚಲನೆಯನ್ನು ನುಣ್ಣಗೆ ಮಾಡುತ್ತವೆ. ಆಟೋಟದ ನೇರ ಪ್ರಸಾರಕ್ಕೆ ಇದು ಒಪ್ಪಬಹುದು, ಸಿನಿಮಾಕ್ಕೆ ಒಪ್ಪುವುದಿಲ್ಲ. ಆದರೂ ಪೆಟ್ಟಿಗೆ ಬಿಚ್ಚಿದ ದಿನದಿಂದಲೇ ಈ ಸೌಲಭ್ಯ ಚಾಲೂ ಇರುತ್ತದೆ. ಅದನ್ನು ಆಫ್ ಮಾಡಿ, ಚಿತ್ರವನ್ನು ತಯಾರಕರು ಉದ್ದೇಶಿಸಿದಂತೆಯೇ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ ಆಯ್ದುಕೊಂಡ ಮೇಲೆ 1957ರ ಚಿತ್ರ 1957ರ ಚಿತ್ರದಂತೆ ಕಾಣಿಸಿತು. ಎಷ್ಟು ವರ್ಷಗಳಿಂದ ಎಷ್ಟು ಚಿತ್ರಗಳನ್ನು ಹಾಗೆ ಜಾರಿಸಿಕೊಂಡು ನೋಡಿದೆನೋ ಎಂಬ ಹೊಟ್ಟೆಕಿಚ್ಚು ಮಾತ್ರ ಉಳಿಯಿತು, ಕಿಚ್ಚು ಯಾರ ಮೇಲೆಂದು ತಿಳಿಯದಿದ್ದರೂ.

ವಿಮ್ ವೆಂಡರ್ಸ್ ಅವರ ‘ಪರ್ಫೆಕ್ಟ್ ಡೇಸ್’ (2023) ಚಿತ್ರವನ್ನು ನೋಡುವಾಗ ತೊಂದರೆ ಕೊಟ್ಟದ್ದು ಟಿವಿಯಲ್ಲ, ತಂಗಿಯ ಮಗ. ಈ ಚಿತ್ರ ಹಳೆಯ ಟಿವಿಯ ಚೌಕಾಕಾರದ ಚೌಕಟ್ಟಿನಲ್ಲಿದೆ. ಆದ್ದರಿಂದ ಅಗಲವಾದ ಪರದೆಯ ಎಡಬಲಗಳಲ್ಲಿ ಕಪ್ಪು ಪಟ್ಟಿಗಳು ಉಳಿಯುತ್ತವೆ. “ಮಾವ, ಟಿವಿ ಪೂರ್ತಿ ತುಂಬಿಲ್ಲ, ಏನೋ ಕೆಟ್ಟಿದೆ” ಎಂದವನೇ ಅವನು ಜೂಮ್ ಗುಂಡಿ ಒತ್ತಿದ. ನಾಯಕನ ತಲೆ ಹಣೆಯವರೆಗೆ ಕತ್ತರಿಸಿ ಹೋಯಿತು, ಕೆಳಗಿದ್ದ ಸಬ್‌ಟೈಟಲ್ ಅರ್ಧ ಸಾಲು ಮುಳುಗಿತು. ಕಪ್ಪು ಪಟ್ಟಿಯೂ ಚಿತ್ರದ ಭಾಗವೇ ಎಂದು ಅವನನ್ನು ಒಪ್ಪಿಸಲು ನನಗೆ ಸಾಧ್ಯವಾಗಲಿಲ್ಲ. ಅವನು ಎದ್ದು ಹೋದ ಮೇಲೆ ಮೊದಲಿನಂತೆ ಮಾಡಿಕೊಂಡೆ.

ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮ ಎಂಬ ಮಧ್ಯವಯಸ್ಕನ ದಿನಚರಿಯೇ ಈ ಚಿತ್ರ. ಬೆಳಿಗ್ಗೆ ಏಳುತ್ತಾನೆ, ಹಾಸಿಗೆ ಮಡಚುತ್ತಾನೆ, ಗಿಡಗಳಿಗೆ ನೀರು ಸಿಂಪಡಿಸುತ್ತಾನೆ, ವ್ಯಾನಿನಲ್ಲಿ ಕ್ಯಾಸೆಟ್ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾನೆ. ಕಮೋಡಿನ ಅಂಚಿನ ಕೆಳಭಾಗ ಸ್ವಚ್ಛವಾಗಿದೆಯೇ ಎಂದು ಪುಟ್ಟ ಕನ್ನಡಿ ಹಿಡಿದು ನೋಡುತ್ತಾನೆ. ಶೌಚಾಲಯದ ಗೋಡೆಯ ಸಂದಿಯಲ್ಲಿ ಯಾರೋ ಮಡಚಿಟ್ಟ ಚೀಟಿಯೊಂದು ಸಿಗುತ್ತದೆ. ಅದರಲ್ಲಿ ಚೌಕಗಳನ್ನು ಬರೆದು ಒಂದು ಗುರುತು ಹಾಕಿದ್ದಾರೆ. ಇವನು ತನ್ನ ಗುರುತು ಹಾಕಿ ಅಲ್ಲೇ ಇಡುತ್ತಾನೆ. ಕೊನೆಯವರೆಗೂ ಈ ಆಟದ ಎದುರಾಳಿ ಯಾರೆಂದು ತಿಳಿಯುವುದಿಲ್ಲ. 124 ನಿಮಿಷಗಳಲ್ಲಿ ಮೂರು ವಾರಗಳ ನಂತರವೂ ಮಾಸದೆ ಉಳಿದದ್ದು ಆ ಚೀಟಿ, ಮತ್ತೆ ಕೊನೆಯಲ್ಲಿ ವ್ಯಾನು ಓಡಿಸುತ್ತಿರುವ ಕೋಜಿ ಯಾಕುಶೋ ಅವರ ಮುಖ. ನಗುವೂ ಅಳುವೂ ಒಂದನ್ನೊಂದು ದಬ್ಬಿಕೊಂಡು ಬರುವ ಆ ದೀರ್ಘ ಶಾಟ್‌ನಲ್ಲಿ ಅವರು ಒಂದು ಮಾತನ್ನೂ ಆಡುವುದಿಲ್ಲ. 2023ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಅವರಿಗೆ ಸಂದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಈ ಚಿತ್ರವನ್ನು ನಾನು ಪೂರ್ತಿ ನಂಬಲಾರೆ. ಶಿಬುಯಾ ಪ್ರದೇಶದಲ್ಲಿ ತಾದಾವೋ ಆಂಡೊ, ಶಿಗೆರು ಬಾನ್ ಮುಂತಾದ ಹೆಸರಾಂತ ವಾಸ್ತುಶಿಲ್ಪಿಗಳಿಂದ ಕಟ್ಟಿಸಿದ 17 ಶೌಚಾಲಯಗಳ ಬಗ್ಗೆ ಕಿರುಚಿತ್ರಗಳನ್ನು ಮಾಡಿಕೊಡಬೇಕೆಂದು ವೆಂಡರ್ಸ್ ಅವರನ್ನು ಆಹ್ವಾನಿಸಲಾಗಿತ್ತು. ಅದೇ ಬೆಳೆದು ಈ ಕಥಾಚಿತ್ರವಾಯಿತು. ಆ ಮೂಲ ಇನ್ನೂ ಎದ್ದು ಕಾಣುತ್ತದೆ. ಒಳಗಿನಿಂದ ಚಿಲಕ ಹಾಕಿದೊಡನೆ ಪಾರದರ್ಶಕ ಗಾಜು ಮಬ್ಬಾಗುವಂಥವೂ ಸೇರಿದಂತೆ ಆ ಶೌಚಾಲಯಗಳು ಹಿರಾಯಾಮ ತೊಳೆಯುವ ಮುಂಚೆಯೂ ಬಹುತೇಕ ತೊಳೆದಂತೆಯೇ ಇವೆ. ಶೌಚಾಲಯ ತೊಳೆಯುವವನ ಬದುಕಿನಲ್ಲಿ ದುರ್ಗಂಧವೂ ಅಸಹ್ಯವೂ ಸಂಬಳದ ಚಿಂತೆಯೂ ಇಷ್ಟು ಕಡಿಮೆ ಇರಲು ಸಾಧ್ಯವೇ? ಹಿರಾಯಾಮನ ತಂಗಿ ಚಾಲಕನಿರುವ ಕಾರಿನಲ್ಲಿ ಬಂದಿಳಿದಾಗ ಈತ ಶ್ರೀಮಂತ ಮನೆತನವನ್ನು ಬಿಟ್ಟು ಬಂದವನಿರಬೇಕೆಂಬ ಸುಳಿವು ಸಿಗುತ್ತದೆ. ಅಲ್ಲಿಗೆ ಈ ಸರಳ ಬದುಕು ಆತನ ಆಯ್ಕೆಯಾಯಿತು. ಆಯ್ಕೆಯಿಲ್ಲದೆ ಅದೇ ಕೆಲಸ ಮಾಡುವವರು ಈ ಚೌಕಟ್ಟಿನ ಹೊರಗೆ, ಆ ಕಪ್ಪು ಪಟ್ಟಿಗಳಲ್ಲೇ ಉಳಿದರೆಂದು ನನಗನ್ನಿಸಿತು. ಹಾಗೆಂದು ಯಾರಾದರೂ ನೋಡಲೇ ಎಂದು ಕೇಳಿದರೆ ಖಂಡಿತ ನೋಡಿ ಎನ್ನುತ್ತೇನೆ, ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ. ನಾನು ಎರಡು ರಾತ್ರಿ ಹಂಚಿಕೊಂಡು ನೋಡಿದ್ದರಿಂದ ಎರಡನೆಯ ರಾತ್ರಿ ದಿನಚರಿಯ ಲಯ ಮತ್ತೆ ಹಿಡಿತಕ್ಕೆ ಸಿಗಲು ಅರ್ಧ ಗಂಟೆ ಬೇಕಾಯಿತು.

ಚಿತ್ರಮಂದಿರದಲ್ಲಿ ನೋಡಿದ್ದು ಮತ್ತೆ ಪರದೆಗೆ ಬಂದಿದ್ದ ‘ಓಪನ್‌ಹೈಮರ್’ (2023). ಅಣುಬಾಂಬ್ ತಯಾರಿಕೆಯ ನೇತೃತ್ವ ವಹಿಸಿದ ಭೌತವಿಜ್ಞಾನಿಯ ಕುರಿತ, ಕ್ರಿಸ್ಟೋಫರ್ ನೋಲನ್ ಅವರ ಈ ಮೂರು ಗಂಟೆಗಳ ಚಿತ್ರ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ ಸೇರಿ ಏಳು ಆಸ್ಕರ್‌ಗಳನ್ನು ಪಡೆದದ್ದು ಎಲ್ಲರಿಗೂ ಗೊತ್ತು. ಇದಕ್ಕಾಗಿಯೇ ಕೊಡಾಕ್ ಸಂಸ್ಥೆ 65 ಮಿಲಿಮೀಟರಿನ ಕಪ್ಪುಬಿಳುಪು ಫಿಲ್ಮನ್ನು ಮೊದಲ ಬಾರಿಗೆ ತಯಾರಿಸಿಕೊಟ್ಟಿತು. ಬೃಹತ್ ಪರದೆಯ ಐಮ್ಯಾಕ್ಸ್ ಫಿಲ್ಮ್ ಪ್ರತಿಯ ಉದ್ದ ಸುಮಾರು 18 ಕಿಲೋಮೀಟರ್. ನಾನು ನೋಡಿದ್ದು ಆ ಪ್ರತಿಯಲ್ಲ, ಸಾಧಾರಣ ಡಿಜಿಟಲ್ ಪ್ರದರ್ಶನ. ಆದ್ದರಿಂದ ಆ ವೈಭವದ ಬಗ್ಗೆ ನಾನು ಮಾತನಾಡುವುದು ಊಟದ ವಾಸನೆಯಿಂದ ಹೊಟ್ಟೆ ತುಂಬಿತೆಂದಂತೆ.

ಉಳಿದದ್ದು ಒಂದು ನಿಶ್ಶಬ್ದ. 1945ರ ಜುಲೈ 16ರಂದು ನಡೆದ ಮೊದಲ ಅಣುಬಾಂಬ್ ಪರೀಕ್ಷೆ ‘ಟ್ರಿನಿಟಿ’ಯ ದೃಶ್ಯದಲ್ಲಿ ಬೆಳಕು ಮೊದಲು ಬರುತ್ತದೆ, ಸದ್ದು ಬರುವುದಿಲ್ಲ. ಇದು ನಾಟಕೀಯತೆಗೆ ಕಟ್ಟಿದ್ದಲ್ಲ, ಭೌತಶಾಸ್ತ್ರವೇ ಹಾಗಿದೆ: ಬೆಳಕು ಕಣ್ಣಿಗೆ ತಕ್ಷಣ ತಲುಪಿದರೆ, ಶಬ್ದ ಒಂದು ಕಿಲೋಮೀಟರ್ ಸಾಗಲು ಹೆಚ್ಚುಕಡಿಮೆ ಮೂರು ಸೆಕೆಂಡು ಹಿಡಿಯುತ್ತದೆ, ಸುಮಾರು 32 ಕಿಲೋಮೀಟರ್ ದೂರದ ಗುಡ್ಡದ ಮೇಲೆ ನಿಂತಿದ್ದವರು ಬೆಂಕಿಯ ಚೆಂಡನ್ನು ಕಂಡ ಮೇಲೆ ಗುಡುಗಿಗಾಗಿ ಒಂದೂವರೆ ನಿಮಿಷ ಕಾಯಬೇಕಿತ್ತು. ಆ ಕಾಯುವಿಕೆಯನ್ನು ನೋಲನ್ ನಮ್ಮಿಂದ ಮಾಡಿಸುತ್ತಾರೆ. ಉಸಿರಾಟವೊಂದೇ ಕೇಳಿಸುತ್ತದೆ, ಅದು ಪರದೆಯ ಮೇಲಿನವರದೋ ಪಕ್ಕದ ಆಸನದವರದೋ ತಿಳಿಯುವುದಿಲ್ಲ. ಇನ್ನೂರು ಜನ ಒಟ್ಟಿಗೆ ಸುಮ್ಮನಾದಾಗ ಹುಟ್ಟುವ ನಿಶ್ಶಬ್ದ ಮನೆಯ ನಿಶ್ಶಬ್ದದಂತಲ್ಲ, ಅದಕ್ಕೊಂದು ತೂಕವಿದೆ. ನನ್ನ ದುರದೃಷ್ಟಕ್ಕೆ ಸರಿಯಾಗಿ ಆ ಹೊತ್ತಿಗೇ ಎರಡು ಸಾಲು ಮುಂದೆ ಒಬ್ಬರು ಫೋನ್ ತೆರೆದು ಪರದೆಯನ್ನು ಚಿತ್ರಿಸಿಕೊಳ್ಳತೊಡಗಿದರು. ಬಾಂಬಿನ ಬೆಳಕಿಗಿಂತ ಆ ಅಂಗೈಯಗಲದ ಬೆಳಕು ನನ್ನ ಕಣ್ಣಿಗೆ ಹೆಚ್ಚು ಚುಚ್ಚಿತು.

ಚಿತ್ರದ ಉದ್ದಕ್ಕೂ ಅಲ್ಲಲ್ಲಿ ಕೇಳಿಸುವ, ಏನೆಂದು ತಿಳಿಯದ ದಡದಡ ಸದ್ದು, ಹಿರೋಶಿಮಾದ ನಂತರ ಸಭಾಂಗಣದಲ್ಲಿ ಸಂಭ್ರಮದಿಂದ ನೆಲಕ್ಕೆ ಕಾಲು ಬಡಿಯುವ ಜನರದೆಂದು ತೆರೆದುಕೊಳ್ಳುವ ಜಾಗವೂ ಮರೆಯುವಂಥದ್ದಲ್ಲ. ಆದರೆ ಶಬ್ದವನ್ನು ಇಷ್ಟು ಬಲ್ಲ ನಿರ್ದೇಶಕ ಸಂಭಾಷಣೆಯನ್ನು ಸಂಗೀತದ ಕೆಳಗೆ ಏಕೆ ಹೂತುಹಾಕುತ್ತಾರೋ ತಿಳಿಯದು. ಸಬ್‌ಟೈಟಲ್ ಇಲ್ಲದಿದ್ದರೆ ಓಪನ್‌ಹೈಮರ್ ಅವರ ನಿಷ್ಠೆಯನ್ನು ಪ್ರಶ್ನಿಸುವ ವಿಚಾರಣೆಯ ದೃಶ್ಯಗಳಲ್ಲಿ ಯಾರು ಯಾರ ಮೇಲೆ ಏನು ಆರೋಪ ಹೊರಿಸುತ್ತಿದ್ದಾರೆಂದು ಹಿಡಿಯುವುದು ಕಷ್ಟವಾಗುತ್ತಿತ್ತು. ಕೊನೆಯ ಒಂದು ಗಂಟೆ ಓಪನ್‌ಹೈಮರ್ ವಿರುದ್ಧ ಸಂಚು ಹೂಡುವ ಅಧಿಕಾರಿ ಸ್ಟ್ರಾಸ್‌ನ ಹಗೆತನಕ್ಕೆ ಮೀಸಲಾಗಿ, ಬಾಂಬು ಹಿಂದೆ ಸರಿಯುತ್ತದೆ. ಓಪನ್‌ಹೈಮರ್ ಪತ್ನಿಯಾಗಿ ನಟಿಸಿದ ಎಮಿಲಿ ಬ್ಲಂಟ್ ಅವರ ಪಾತ್ರಕ್ಕೆ ವಿಚಾರಣೆಯ ಆ ಒಂದು ದೃಶ್ಯ ಸಿಗದೇ ಹೋಗಿದ್ದರೆ ಅವರು ಚಿತ್ರದಲ್ಲಿದ್ದರೆಂಬುದೇ ಮರೆತುಹೋಗುತ್ತಿತ್ತು. ಮೊದಲೇ ಹೇಳಿದಂತೆ, ವಾರ ಕಳೆಯುವುದರೊಳಗೆ ನನ್ನ ನೆನಪಿನಿಂದ ಜಾರಿದ ಹೆಸರುಗಳು ಈ ಚಿತ್ರದವೇ. ತಪ್ಪು ಪೂರ್ತಿ ನನ್ನದಲ್ಲ.

ನಾಲ್ಕನೆಯದು ‘ಫ್ಲೋ’ (2024). ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ಅವರು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ರೂಪಿಸಿದ ಈ ಅನಿಮೇಷನ್ ಚಿತ್ರ ಆ ದೇಶಕ್ಕೆ ಮೊದಲ ಆಸ್ಕರ್ ತಂದಿತು. ಪ್ರವಾಹ ಏರುತ್ತಿದೆ, ಒಂದು ಬೆಕ್ಕು, ನಾಯಿ, ಕ್ಯಾಪಿಬಾರ ಎಂಬ ದೊಡ್ಡ ದಂಶಕ ಪ್ರಾಣಿ, ಕೋತಿಯನ್ನು ಹೋಲುವ ಲೆಮೂರ್, ಉದ್ದ ಕಾಲಿನ ಸೆಕ್ರೆಟರಿ ಹಕ್ಕಿ ಒಂದೇ ದೋಣಿಗೆ ಸೇರುತ್ತವೆ. 85 ನಿಮಿಷಗಳಲ್ಲಿ ಒಂದೂ ಮಾತಿಲ್ಲ. ಪ್ರಾಣಿಗಳು ಪ್ರಾಣಿಗಳಂತೆಯೇ ಇವೆ: ಬೆಕ್ಕು ಹೆದರಿದಾಗ ಕಿವಿ ಹಿಂದಕ್ಕೆ ಮಡಚುತ್ತದೆ, ದೋಣಿ ಅಲುಗಿದರೆ ಉಗುರೂರಿ ನಿಲ್ಲುತ್ತದೆ, ನಗೆಚಟಾಕಿ ಹಾರಿಸುವುದಿಲ್ಲ. ತುಪ್ಪಳವನ್ನು ಕೂದಲು ಕೂದಲಾಗಿ ಬಿಡಿಸದೆ ಕುಂಚದಿಂದ ಬಳಿದಂತೆ ಬಿಟ್ಟಿರುವುದು ಮೊದಲು ಒರಟೆನಿಸಿದರೂ ನೀರು ಬಂದ ಮೇಲೆ ಕಣ್ಣು ಅತ್ತ ಹೋಗುವುದೇ ಇಲ್ಲ. ಹಕ್ಕಿ ಬೆಳಕಿನೊಳಗೆ ಏರಿಹೋಗುವ ದೃಶ್ಯವೊಂದು ಮಾತ್ರ ನನಗೆ ಉಳಿದ ಚಿತ್ರದಿಂದ ಹೊರಗಿನದೆನಿಸಿತು. ಅಷ್ಟು ಹೊತ್ತು ಮಣ್ಣು, ನೀರು, ಹಸಿವನ್ನು ನಂಬಿದ ಚಿತ್ರ ಅಲ್ಲಿ ಏಕಾಏಕಿ ಗೂಢವಾಗುತ್ತದೆ.

ಈ ಚಿತ್ರಕ್ಕೆ ಜೊತೆಯಾದವನು ಅದೇ ಜೂಮ್ ಗುಂಡಿಯ ಹುಡುಗ. ಕದಲದೆ ನೋಡಿದ. ಮೂರು ವಾರಗಳ ನಂತರ ಪರೀಕ್ಷೆಗೆಂದು ಕೇಳಿದರೆ, ಲೆಮೂರ್ ತನ್ನ ಕನ್ನಡಿಯನ್ನು ಹೇಗೆ ಹಿಡಿಯುತ್ತಿತ್ತೆಂಬುದನ್ನು ಕೈಯಲ್ಲಿ ಮಾಡಿ ತೋರಿಸಿದ. ನನಗೆ ಅದಕ್ಕೊಂದು ಕನ್ನಡಿಯಿತ್ತು ಎಂಬುದಷ್ಟೇ ನೆನಪಿತ್ತು. ಅವನೆದುರು ಸ್ವಲ್ಪವಾದರೂ ಮೇಲುಗೈ ಇರಲೆಂದು, ಪ್ರಾಣಿಗಳ ದನಿಗಳೆಲ್ಲ ಆಯಾ ನಿಜ ಪ್ರಾಣಿಗಳವೇ ಆದರೂ ಕ್ಯಾಪಿಬಾರದ ದನಿ ಮಾತ್ರ ಅದರದಲ್ಲ, ಅಷ್ಟು ದೊಡ್ಡ ಮೈಗೆ ಅದರ ಕೀರಲು ದನಿ ಹೊಂದಲಿಲ್ಲವೆಂದು ಒಂಟೆಮರಿಯ ದನಿಯನ್ನು ಬಳಸಿದ್ದಾರೆ ಎಂದೆ. ಅವನು ನಂಬಲಿಲ್ಲ. ಆ ಭಾಗವನ್ನು ಮತ್ತೆ ಹಾಕಿಸಿ, ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿಸಿಕೊಂಡು, “ಮಾವ, ಹಾಗಾದರೆ ಅದು ಮಲಗಿದಾಗ ಗೊರಕೆ ಯಾರದು?” ಎಂದ.