ಅಟ್ಟದ ಸಾಮಾನಿಗೆ ಕ್ಯೂಆರ್ ಸಾಕಾ, ಗುಂಡಿ ಬೇಕಾ?

ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಿಂದ ಹಳೇ ಸಾಮಾನು ಇಳಿಸಿ ಒಂದು ಕೋಣೆಯಲ್ಲಿ ಇಟ್ಟಿದ್ದೇವೆ. ಮೆಟ್ಟುಗತ್ತಿ, ಕಾಯಿ ಕೊಯ್ಯುವ ದೋಟಿ, ಮಳೆಗೆ ತಲೆಮೇಲೆ ಹಾಕುವ ಕಂಬಳಿಕೊಪ್ಪೆ, ತಾಮ್ರದ ಹಂಡೆ. ಬಂದವರು ಐದು ನಿಮಿಷ ನೋಡಿ, ಕವಳ (ಎಲೆಅಡಿಕೆ) ಹಾಕಿ ಹೊರಡುತ್ತಿದ್ದರು. ಅವರೂ ಬಾಯಿ ಬಿಡಲಿ ಅಂತ ಮೂರು ಉಪಾಯ ಮಾಡಿದೆ. ಗೆದ್ದದ್ದು ಗುಂಡಿ ಒತ್ತಿದರೆ ಮಾತಾಡುವ ಡಬ್ಬಿ. ಮೂರರಲ್ಲಿ ಅದೇ ಅಗ್ಗ!

ಮೊದಲು ಕೈ ಸುಟ್ಟುಕೊಂಡದ್ದು ಕ್ಯೂಆರ್ ಚೀಟಿಯಲ್ಲಿ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಸಾಮಾನಿನ ಕಥೆ ಕೇಳಬೇಕು, ಅದು ಲೆಕ್ಕ. ನಮ್ಮಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅಂಗಳದ ಮೂಲೆಗೆ ಹೋಗಬೇಕು. ಅದಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು, ಅದರಲ್ಲೇ ಧ್ವನಿ ತುಂಬಿ, ಕೋಣೆಗಷ್ಟೇ ವೈಫೈ ಮಾಡಿದೆ. ಫೋನ್ ಅದಕ್ಕೆ ಸೇರುತ್ತದೆ, 'ಇಂಟರ್ನೆಟ್ ಇಲ್ಲ' ಎನ್ನುತ್ತದೆ, ಹೇಳದೇ ಕೇಳದೇ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಪುಟ ತೆರೆಯುವುದಿಲ್ಲ. 'ಡೇಟಾ ಆಫ್ ಮಾಡಿ' ಅಂತ ಒಬ್ಬೊಬ್ಬರಿಗೂ ಹೇಳಬೇಕು.

ಹೇಳಿ ಮುಗಿಯುವಷ್ಟರಲ್ಲಿ ಇನ್ನೊಬ್ಬರು ಫೋನ್‌ಪೇ ತೆರೆದು ಹಂಡೆಗೆ ಹಿಡಿದು, 'ಎಷ್ಟು ಹಾಕಬೇಕು?' ಎನ್ನುತ್ತಾರೆ. ಕ್ಯೂಆರ್ ಕಂಡರೆ ದುಡ್ಡು ಅಂತಲೇ ಈಗ ಅಭ್ಯಾಸ ಅಲ್ವಾ? ಇಡೀ ದಿನ ನಾನು ಫೋನ್ ರಿಪೇರಿಯವನಾದೆ. ಮೆಟ್ಟುಗತ್ತಿಯ ಬಗ್ಗೆ ಒಂದು ಮಾತೂ ಆಗಲಿಲ್ಲ.

ಎರಡನೇ ಉಪಾಯ ಟಚ್ ಸ್ಕ್ರೀನ್. ಅದನ್ನು ಬಾಡಿಗೆಗೆ ತಂದದ್ದು ಮಳೆಗಾಲದಲ್ಲಿ, ಅದೇ ತಪ್ಪು. ಒದ್ದೆ ಕೈ ತಾಗಿದರೆ, ನೀರಹನಿ ಬಿದ್ದರೆ ಅದಕ್ಕೆ ಎಲ್ಲವೂ ಬೆರಳೇ.

ಡಬ್ಬಿಯಲ್ಲಿ ಇರುವುದು ಕಾರ್ಡಿನಲ್ಲಿರುವ ಧ್ವನಿ ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಎಂಬ ಚಿಕ್ಕ ಬೋರ್ಡ್, ಮೆಮೊರಿ ಕಾರ್ಡ್, ಸ್ಪೀಕರ್, ಸಾಮಾನಿಗೊಂದು ಗುಂಡಿ. ಮಿಕ್ಸಿ ರಿಪೇರಿ ಮಾಡುವ ಗೆಳೆಯ ವೈರ್ ಬೆಸೆದುಕೊಟ್ಟ. ಪವರ್ ಬ್ಯಾಂಕ್ ಮಾತ್ರ ಹಾಕಬೇಡಿ. ಡಬ್ಬಿ ಸುಮ್ನೆ ಇದ್ದಾಗ ಎಳೆಯುವ ಕರೆಂಟ್ ತೀರಾ ಕಡಿಮೆ. ಏನೂ ಜೋಡಿಸಿಲ್ಲ ಅಂದುಕೊಂಡು ನನ್ನ ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತಿತ್ತು. ಈಗ ಇನ್ವರ್ಟರ್ ಲೈನಿಗೆ ಹಳೇ ಮೊಬೈಲ್ ಚಾರ್ಜರ್ ಹಾಕಿದ್ದೇನೆ.

ಕಾರವಾರದ ಕಡಲತೀರದ ಚಾಪೆಲ್ ಯುದ್ಧನೌಕೆ ಮ್ಯೂಸಿಯಂಗೆ ಇವೆಲ್ಲ ಬೇಡ. ಒಳಗೆ ಹೊಕ್ಕರೆ ಸಾಕು, ಮಕ್ಕಳ ಬಾಯಿಗೆ ಪ್ರಶ್ನೆ ತಾನೇ ಬರುತ್ತದೆ. ಗೋಡೆಗೆ ಒರಗಿಸಿದ ದೋಟಿಗೆ ಆ ಭಾಗ್ಯ ಇಲ್ಲ.

ಡಬ್ಬಿ ಇಟ್ಟ ವಾರವೇ ಒಬ್ಬರು ಅಜ್ಜಿ ಕೊಪ್ಪೆಯ ಗುಂಡಿ ಒತ್ತಿದರು. ನನ್ನ ಧ್ವನಿ ಕೇಳಿ, 'ಹಂಗಲ್ಲ ತಮಾ' ಅಂತ ಕಂಬಳಿ ಎತ್ತಿ, ತಾವೇ ಮಡಚಿ ತಲೆಗೆ ಹಾಕಿ ತೋರಿಸಿದರು. ಫೋನಿನಲ್ಲಿ ಅವರ ಮಾತು ಹಿಡಿದುಕೊಂಡೆ. ರಾತ್ರಿ ಕಾರ್ಡಿನಲ್ಲಿ ನನ್ನದನ್ನು ಅಳಿಸಿ ಅವರದನ್ನು ಹಾಕಿದೆ. ಈಗ ಕೊಪ್ಪೆಯ ಗುಂಡಿಯನ್ನೇ ಜನ ಜಾಸ್ತಿ ಒತ್ತುತ್ತಾರೆ.

ಹಂಡೆಯ ಮೇಲಿನ ಕ್ಯೂಆರ್ ಚೀಟಿಯ ಅಂಟು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗಿಲ್ಲ. ಆಯಿ ದಿನಾ ಬೈಯುತ್ತಾಳೆ.